ಊರು ಬಿಟ್ಟ ಮೇಲೆ ಮಗನ ಹಳೆಯ ಸ್ನೇಹವನ್ನು ಉಳಿಸಿಕೊಡಬೇಕೇ?

ಕದ್ರಿಯ ತಾಯಿ (ಪ್ರಶ್ನೆ):

ಕಳೆದ ಮೇ ತಿಂಗಳಲ್ಲಿ ನಾವು ಉಡುಪಿಯ ಮನೆ ಬಿಟ್ಟು ಮಂಗಳೂರಿನ ಕದ್ರಿಯಲ್ಲಿ ಒಂದು ಫ್ಲ್ಯಾಟಿಗೆ ಬಂದೆವು. ಒಂಬತ್ತು ವರ್ಷದ ಮಗ ಶಾಲೆಯಿಂದ ಬಂದು ಚಹಾ ಕುಡಿಯುವುದರೊಳಗೆ ಟ್ಯೂಷನ್ ಹೊತ್ತಾಗುತ್ತದೆ. ಶನಿವಾರ ಚೆಂಡೆ ತರಗತಿಯಿದೆ. ಎಲ್ಲರೊಂದಿಗೂ ಹೊಂದಿಕೊಂಡಿದ್ದಾನೆಂದು ಶಿಕ್ಷಕಿ ಹೇಳುತ್ತಾರೆ. ಆದರೆ ಮನೆಯಲ್ಲಿ ಅವನ ಬಾಯಲ್ಲಿ ಬರುವುದು ಉಡುಪಿಯ ನೆರೆಮನೆಯ ಹುಡುಗನ ಹೆಸರೊಂದೇ. ಮೊನ್ನೆ ಅವನ ಪೆನ್ಸಿಲ್ ಡಬ್ಬಿಯಲ್ಲಿ ಅಂಚು ಉಜ್ಜಿ ದುಂಡಗೆ ಮಾಡಿದ ಹಂಚಿನ ಚೂರೊಂದು ಸಿಕ್ಕಿತು. ಅದು ಲಗೋರಿಯ ಏಳನೆಯ ಬಿಲ್ಲೆಯಂತೆ, ಉಳಿದ ಆರು ಆ ಹುಡುಗನ ಬಳಿ ಇವೆಯಂತೆ.

ಈ ವಯಸ್ಸಿನ ಗೆಳೆತನ ಮಳೆಗಾಲದ ಅಣಬೆಯ ಹಾಗೆ, ತಾನಾಗಿ ಎದ್ದು ತಾನಾಗಿ ಹೋಗುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅವನಿಗಾಗಿ ತಿಂಗಳಿಗೊಮ್ಮೆ ಉಡುಪಿಗೆ ಹೋಗಿಬರುವುದು ಅತಿಯಾದೀತೇ?

ಮಣಿಪಾಲದ ನಿವೃತ್ತ ಅಧ್ಯಾಪಕ:

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಬೆರೆತಿವೆ. ತರಗತಿಯ ಮಕ್ಕಳು ಒಬ್ಬನನ್ನು ತಮ್ಮೊಳಗೆ ಸೇರಿಸಿಕೊಳ್ಳುವುದು ಬೇರೆ, ಒಬ್ಬ ಹುಡುಗ ಇನ್ನೊಬ್ಬನನ್ನು ತನ್ನವನೆಂದು ಆರಿಸಿಕೊಳ್ಳುವುದು ಬೇರೆ. ಶಿಕ್ಷಕಿ ಹೇಳಿದ್ದು ಮೊದಲನೆಯದನ್ನು, ಹಂಚಿನ ಚೂರು ಹೇಳುತ್ತಿರುವುದು ಎರಡನೆಯದನ್ನು. ಸುಮಾರು ಎಂಟೂವರೆಯಿಂದ ಹತ್ತು ವರ್ಷದ ನಡುವೆ ಮಗುವಿಗೆ ಓರಗೆಯ ಒಬ್ಬ ಆಪ್ತ ಬೇಕೆನಿಸುತ್ತದೆ, ಇನ್ನೊಬ್ಬನ ಸಂತೋಷವೂ ತನ್ನದರಷ್ಟೇ ಮುಖ್ಯವೆಂದು ತಿಳಿಯುವುದು ಆಗಲೇ ಎಂದು ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್ ವಾದಿಸಿದ್ದರು; ಅವರು ತೀರಿಕೊಂಡ ಮೇಲೆ, 1953ರಲ್ಲಿ, ಆ ಉಪನ್ಯಾಸಗಳು ಅಚ್ಚಾದವು. ನಿಮ್ಮ ಮಗ ಸರಿಯಾಗಿ ಆ ವಯಸ್ಸಿನವನು.

ತಂದೆತಾಯಿ ಎಷ್ಟೇ ಪ್ರೀತಿಯಿಂದ ಆಡಿದರೂ ಮಗುವಿಗೆ ಸರಿಸಮಾನರಾಗಲಾರರು. ಮನೋವಿಜ್ಞಾನಿ ಜೀನ್ ಪಿಯಾಜೆ ಸ್ವಿಟ್ಜರ್ಲೆಂಡಿನ ಮಕ್ಕಳ ಗೋಲಿಯಾಟವನ್ನು ಹತ್ತಿರದಿಂದ ಗಮನಿಸಿ 1932ರಲ್ಲಿ ಬರೆದದ್ದು ಇದನ್ನೇ: ಚಿಕ್ಕ ಮಕ್ಕಳು ಆಟದ ನಿಯಮವನ್ನು ದೊಡ್ಡವರು ಕೊಟ್ಟ, ಮುಟ್ಟಬಾರದ ಕಟ್ಟಳೆಯೆಂದು ನಂಬುತ್ತಾರೆ, ಹತ್ತು–ಹನ್ನೊಂದರ ಹೊತ್ತಿಗೆ, ಎಲ್ಲರೂ ಒಪ್ಪಿದರೆ ಅದನ್ನು ಬದಲಿಸಬಹುದೆಂದು ಅರಿಯುತ್ತಾರೆ. ನಮ್ಮ ಲಗೋರಿಯಲ್ಲಿ ಚೆಂಡು ಬೆನ್ನಿಗೆ ತಾಗಿತೋ ಅಂಗಿಗೆ ತಾಗಿತೋ ಎಂಬ ಜಗಳಕ್ಕೆ ತೀರ್ಪು ಕೊಡುವವರಿಲ್ಲ. ಮುನಿಸಿಕೊಂಡು ಒಬ್ಬ ಮನೆಗೆ ಹೋದರೆ ಆಟವೇ ನಿಲ್ಲುತ್ತದೆ, ಆದ್ದರಿಂದ ಹೇಗಾದರೂ ರಾಜಿಯಾಗಲೇಬೇಕು. ಮೇಷ್ಟ್ರು ಎದುರಿಗಿರುವ ಚೆಂಡೆ ತರಗತಿಯಲ್ಲಿ ಇದು ಸಿಗುವುದಿಲ್ಲ (ಚೆಂಡೆಯ ಮೇಲೆ ನನಗೆ ಕೋಪವೇನಿಲ್ಲ).

ಅಣಬೆಯ ಮಾತಿಗೆ ಒಂದು ಉತ್ತರ. 1945ರಲ್ಲಿ ನಾಜಿಗಳ ಟೆರೆಜಿನ್ ಶಿಬಿರದಿಂದ ಮೂರು ವರ್ಷದ ಆಸುಪಾಸಿನ ಆರು ಅನಾಥ ಮಕ್ಕಳನ್ನು ಇಂಗ್ಲೆಂಡಿಗೆ ಕರೆತಂದರು. ದೊಡ್ಡವರನ್ನು ನಂಬದ ಆ ಮಕ್ಕಳು ಒಬ್ಬರನ್ನೊಬ್ಬರು ಕ್ಷಣವೂ ಬಿಟ್ಟಿರುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ತಾವು ತಿನ್ನುವುದಕ್ಕಿಂತ ಪಕ್ಕದವರಿಗೆ ದಾಟಿಸುವುದೇ ಅವರಿಗೆ ಮುಖ್ಯವಾಗಿತ್ತೆಂದು ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ಮತ್ತು ಆ ಮಕ್ಕಳನ್ನು ನೋಡಿಕೊಂಡ ಸೋಫಿ ಡಾನ್ 1951ರಲ್ಲಿ ದಾಖಲಿಸಿದ್ದಾರೆ.

ಬಂದರಿನವನು:

ಮೇಷ್ಟ್ರ ಮಾತಿಗೆ ನನ್ನದೊಂದು ಸಾಕ್ಷಿ. ನಮ್ಮ ಮನೆಮಾತು ಕೊಂಕಣಿ. ನನಗೆ ತುಳು ಬಂದದ್ದೂ ಬ್ಯಾರಿ ಅರ್ಥವಾಗುವುದೂ ಬೀದಿಯ ಹುಡುಗರಿಂದ. ಕಲಿಯದಿದ್ದರೆ ಯಾವ ಪಂಗಡಕ್ಕೂ ಸೇರಿಸಿಕೊಳ್ಳುತ್ತಿರಲಿಲ್ಲ. ಇಂದಿಗೂ ನನ್ನ ತುಳುವಿನಲ್ಲಿ ಆ ಬೀದಿಯ ಬೈಗುಳಗಳೇ ಎಲ್ಲಕ್ಕಿಂತ ಶುದ್ಧವಾಗಿವೆ. ಅಕ್ಕ, ವಾರದಲ್ಲಿ ಎರಡು ದಿನ ಟ್ಯೂಷನ್ ಬಿಡಿಸಿ.

ಬ್ರಹ್ಮಾವರದ ಓದುಗ:

ಎಲ್ಲರೂ ಬಾಲ್ಯಸ್ನೇಹವನ್ನು ಹೊಗಳುವಾಗ ನನಗೆ ದ್ರೋಣ–ದ್ರುಪದರು ನೆನಪಾಗುತ್ತಾರೆ. ಒಂದೇ ಆಶ್ರಮದಲ್ಲಿ ಕಲಿತವರು. ಮುಂದೆ ಒಬ್ಬನು ಹಳೆಯ ಸಲಿಗೆಯನ್ನು ಹಕ್ಕೆಂದು ತಿಳಿದ, ಇನ್ನೊಬ್ಬನು ಸ್ನೇಹವೆಂಬುದು ಸಮಾನರ ನಡುವೆ ಮಾತ್ರವೆಂದ. ಅದು ಅರ್ಧ ರಾಜ್ಯ ಕಸಿದುಕೊಳ್ಳುವ ತನಕ ಹೋಯಿತು. ಉಡುಪಿಗೆ ಅಗತ್ಯವಾಗಿ ಕರೆದುಕೊಂಡು ಹೋಗಿ. ಆದರೆ ಇಲ್ಲಿನ ಮಕ್ಕಳೊಂದಿಗೆ ಬೆರೆಯದಿರಲು ಆ ಹುಡುಗ ನೆಪವಾಗುತ್ತಿದ್ದಾನೆಯೇ ಎಂಬುದನ್ನೂ ಗಮನಿಸಿ. ನನ್ನನ್ನು ವಸತಿಶಾಲೆಗೆ ಸೇರಿಸಿದಾಗ ಎರಡು ವರ್ಷ ನಾನು ಊರಿನ ಗೆಳೆಯನಿಗೆ ಕಾಗದ ಬರೆಯುತ್ತಲೇ ಕುಳಿತೆ. ಪಕ್ಕದ ಮಂಚದ ಹುಡುಗನ ಊರು ಯಾವುದೆಂದು ಕೂಡ ಕೇಳಿರಲಿಲ್ಲ.

ಕದ್ರಿಯ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮನೆಯವರಿಗೆ ಓದಿ ಹೇಳಿದೆ. ಬರುವ ಎರಡನೇ ಶನಿವಾರ ಉಡುಪಿಗೆ ಹೋಗುವುದೆಂದೂ, ಮಂಗಳವಾರ ಮತ್ತು ಗುರುವಾರ ಟ್ಯೂಷನ್ ಬೇಡವೆಂದೂ ನಿಶ್ಚಯಿಸಿದೆವು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಲಗೋರಿಗೆ ಒಪ್ಪಿಗೆ ಸಿಗಲಿಲ್ಲ, ಹಿಂಬದಿಯ ನೀರಿನ ಟ್ಯಾಂಕಿಯ ಬಳಿ ಆಡಬಹುದಂತೆ. ಹಂಚಿನ ಚೂರನ್ನು ಉಡುಪಿಗೆ ತೆಗೆದುಕೊಂಡು ಹೋಗೋಣವೇ ಎಂದು ಮಗನನ್ನು ಕೇಳಿದೆ. ಬೇಡವಂತೆ, ಅದು ಇವನ ಬಳಿ ಇದ್ದರೆ ಇವನಿಲ್ಲದೆ ಅಲ್ಲಿ ಯಾರೂ ಲಗೋರಿ ಆಡುವಂತಿಲ್ಲವೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರಂತೆ.