ಸಹಾಯ ಬೇಕು: ಮಳೆ ಜೋರಾದರೆ ಅಮ್ಮ ಮಲಗುವುದಿಲ್ಲ

ನಮ್ಮದು ತೀರ್ಥಹಳ್ಳಿ ಕಡೆ. 2019ರ ಆಗಸ್ಟ್ ಮಳೆಯಲ್ಲಿ ಮನೆ ಹಿಂದಿನ ಧರೆ ಕುಸಿದು ಕೊಟ್ಟಿಗೆ ಮುಚ್ಚಿಹೋಯಿತು. ಹಾಲು ಕರೆಯಲು ಹೋಗಿದ್ದ ಅಮ್ಮ ಹೇಗೋ ಉಳಿದರು. ಹಸುಗಳು ಉಳಿಯಲಿಲ್ಲ.

ಇಷ್ಟು ವರ್ಷವಾದರೂ, ಹಂಚಿನ ಮೇಲೆ ಮಳೆ ಸದ್ದು ಜೋರಾದರೆ ಎದ್ದು ಕೂರುತ್ತಾರೆ. ಕೈಯಲ್ಲಿ ಟಾರ್ಚ್, ಕಾಲಲ್ಲಿ ಚಪ್ಪಲಿ. ಬೆಳಗಾಗುವವರೆಗೂ ಹಾಗೇ. ಧೈರ್ಯ ತಂದುಕೊಳ್ಳಿ ಅಂತ ಸುಮ್ನೆ ಹೇಳುತ್ತಲೇ ಬಂದೆವು. ತಪ್ಪು ಮಾಡಿದೆವು. ಇದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಧೈರ್ಯದ ಪ್ರಶ್ನೆಯೇ ಅಲ್ಲ ಎಂದು ಈಗ ವೈದ್ಯರು ವಿವರಿಸಿದ್ದಾರೆ. ಅಪಾಯ ಮುಗಿದಿದೆ ಎಂದು ಅಮ್ಮನಿಗೆ ಗೊತ್ತು, ಮೈಗೆ ಗೊತ್ತಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ 14416ಕ್ಕೂ ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು.

ಈಗ ಥೆರಪಿ ಬೇಕು. ಆ ನೆನಪನ್ನು ಸ್ವಲ್ಪ ಸ್ವಲ್ಪವೇ ಎದುರಿಸುವ ಟ್ರಾಮಾ ಸಿಬಿಟಿ, ಇಲ್ಲವೇ ಕಣ್ಣಿನ ಚಲನೆ ಬಳಸುವ ಇಎಂಡಿಆರ್. ಶಿವಮೊಗ್ಗದಲ್ಲಿ ಇದನ್ನು ಕನ್ನಡದಲ್ಲಿ ಮಾಡುವವರು ಯಾರಾದರೂ ಗೊತ್ತಾ? ಆನ್‌ಲೈನ್ ಕಷ್ಟ. ಮಳೆಗಾಲದಲ್ಲಿ ಇಲ್ಲಿ ಕರೆಂಟೇ ಇರುವುದಿಲ್ಲ, ಇನ್ನು ನೆಟ್‌ವರ್ಕ್ ಎಲ್ಲಿಂದ?

ಥೆರಪಿ ಮಾಡಿಸಿಕೊಂಡವರಿದ್ದರೆ ದಯವಿಟ್ಟು ಹೇಳಿ. ಶುರುವಿನಲ್ಲಿ ಹಳೆಯದೆಲ್ಲ ಕೆದಕಿದಂತಾಗಿ ಸಂಕಟ ಜಾಸ್ತಿ ಆಗುತ್ತದಾ? ಆಗ ಮನೆಯವರು ಹೇಗೆ ಜೊತೆಗಿರಬೇಕು? ಮುಂಗಾರಿಗೆ ಮುಂಚೆ ಶುರು ಮಾಡಬೇಕು ಅಂತಿದ್ದೇನೆ.