ಆಡುಸೋಗೆ ಕಡ್ಡಿ ಚಿಗುರಿದ ಮೇಲೆ ಸಾಯುತ್ತಿದೆ, ಯಾಕೆ?

ಬೇಲಿಸಾಲು:
ಬೇಲಿಗೆ ಆಡುಸೋಗೆ ಹಾಕಬೇಕು. ಕವರಿನಲ್ಲಿ ನೆಟ್ಟ 20 ಕಡ್ಡಿಯೂ ಹತ್ತೇ ದಿನಕ್ಕೆ ಚಿಗುರಿದವು, ಆಮೇಲೆ ಒಂದೊಂದೇ ಬಾಡಿದವು. ಬರೀ ಕೆಮ್ಮಣ್ಣು, ದಿನಕ್ಕೆರಡು ಸಲ ನೀರು. ತಪ್ಪೆಲ್ಲಿ?

ಗೆಣ್ಣು:
ಚಿಗುರು ಬಂದಾಕ್ಷಣ ಬೇರು ಬಂತು ಅಂತಲ್ಲ. ಮೊದಲ ಎಲೆ ಕಡ್ಡಿಯೊಳಗಿನ ಸಂಗ್ರಹದಿಂದಲೇ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಬೇರು ಬಿಡದಿದ್ದರೆ ಕಡ್ಡಿ ಸತ್ತಂತೆ. ಒಂದನ್ನು ಕಿತ್ತು ನೋಡಿ. ಬುಡ ಕಪ್ಪಗೆ, ಮೆತ್ತಗೆ ಇದ್ದರೆ ನೀರು ಹೆಚ್ಚಾಗಿ ಕೊಳೆತದ್ದು. ಬುಡ ಗಟ್ಟಿಯಿದ್ದು ತುದಿ ಮಾತ್ರ ಬಾಡಿದ್ದರೆ ಬಿಸಿಲಿನ ಕೆಲಸ.

ಎಳೆ ಹಸಿರು ಕಡ್ಡಿ ಬೇಡ, ಬೇಗ ಕೊಳೆಯುತ್ತದೆ. ಪೆನ್ಸಿಲ್ ದಪ್ಪದ ಅರೆಬಲಿತದ್ದು, 15–20 ಸೆಂ.ಮೀ., 3–4 ಗೆಣ್ಣು ಇರಲಿ. ಬುಡವನ್ನು ಗೆಣ್ಣಿನ ಕೆಳಗೇ ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿ. ತಲೆಕೆಳಗು ನೆಡುವ ಪ್ರಮಾದ ತಪ್ಪುತ್ತದೆ. ತುದಿಯ ಎರಡೆಲೆ ಅರ್ಧರ್ಧ ಕತ್ತರಿಸಿ ಉಳಿಸಿ, ಮಿಕ್ಕಿದ್ದು ತೆಗೆಯಿರಿ. ಎರಡು ಗೆಣ್ಣು ಮಣ್ಣೊಳಗೆ ಹೋಗಲಿ. ಮಣ್ಣು, ಮರಳು, ಹಳೇ ಗೊಬ್ಬರ ಸಮಪಾಲು. ನೆರಳಲ್ಲಿಡಿ, ಮೇಲ್ಮಣ್ಣು ಆರಿದಾಗಷ್ಟೇ ನೀರು. ಬೇರು ಬಂತಾ ಅಂತ ದಿನಾ ಅಲ್ಲಾಡಿಸಬೇಡಿ, ಎಳೆ ಬೇರು ಮುರಿಯುತ್ತದೆ.

ಹಿತ್ತಲಗಿಡ:
ಮುಂಗಾರು ಹಿಡಿದ ಮೇಲೆ ನೆಲಕ್ಕಿಳಿಸಿ. ಬೇಲಿಗೆ ಒಂದೂವರೆ ಅಡಿ ಅಂತರ ಸಾಕು, ಸೊಪ್ಪಿಗಾದರೆ ಎರಡಡಿ. ನೀರು ನಿಲ್ಲುವ ಜಾಗ ಬೇಡ. ಮೊಣಕಾಲೆತ್ತರಕ್ಕೆ ಬಂದಾಗ ತುದಿ ಚಿವುಟಿದರೆ ಪೊದೆ ಕಟ್ಟುತ್ತದೆ. ಬಿಟ್ಟರೆ ಬುಡ ಬೋಳಾಗಿ ಬೇಲಿಯಲ್ಲಿ ಕಿಂಡಿ ಬೀಳುತ್ತದೆ. ಎಲೆಯ ಕಹಿಗೆ ದನ, ಆಡು ಸಾಮಾನ್ಯವಾಗಿ ಬಾಯಿ ಹಾಕಲ್ಲ. ಅಂದಹಾಗೆ ಆಡುಮುಟ್ಟದ ಬಳ್ಳಿ ಬೇರೆಯೇ ಗಿಡ, ಗೊಂದಲ ಬೇಡ. ಆಡುಸೋಗೆಯ ಎಲೆ ಎದುರುಬದುರು. ಹೂ ಬಿಳಿ, ಕೆಳತುಟಿಯಲ್ಲಿ ನೇರಳೆ ಗೆರೆ.

ಕಷಾಯ:
ಬೇಲಿಯಲ್ಲಿದೆ ಅಂತ ಕೆಮ್ಮಿಗೆಲ್ಲ ಕಿತ್ತು ಕುದಿಸುವವರಿಗೆ ಒಂದು ಮಾತು. ಇದರಲ್ಲಿರುವ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ, ಗರ್ಭಿಣಿಯರಿಗೆ ಕೊಡಲೇಬಾರದು. ಕೆಮ್ಮಿನ ಸಿರಪ್ಪಿನ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೂ ಈ ವಾಸಿಸಿನ್‌ ಮೂಲದಿಂದಲೇ. ಬರೀ ಸೊಪ್ಪು ಅಂತ ಹಗುರವಾಗಿ ನೋಡಬೇಡಿ. ಒಣಗಿಸುವುದಾದರೆ ನೆರಳಲ್ಲಿ, ತೆಳ್ಳಗೆ ಹರಡಿ. ರಾಶಿ ಹಾಕಿದರೆ ಬೂಸ್ಟು.

ಬೇಲಿಸಾಲು:
ಬುಡ ಮೆತ್ತಗಿದೆ. ಕವರಿಗೆ ತೂತೇ ಇರಲಿಲ್ಲ! ಉಳಿದ ಆರು ಕಡ್ಡಿ ಬದುಕಿಸಬಹುದಾ?

ಗೆಣ್ಣು:
ಉಗುರಲ್ಲಿ ಸಿಪ್ಪೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಕಪ್ಪಾದ ಭಾಗಕ್ಕಿಂತ ಒಂದು ಗೆಣ್ಣು ಮೇಲೆ ಕತ್ತರಿಸಿ, ಚಿಗುರು ತೆಗೆದು, ಹೊಸ ಮಣ್ಣಿಗೆ ಹಾಕಿ. ಎರಡು ಗೆಣ್ಣೂ ಉಳಿಯದಿದ್ದರೆ ಹೊಸ ಕಡ್ಡಿಯೇ ತನ್ನಿ. ಹಳೇ ಮಣ್ಣು ಮತ್ತೆ ಬಳಸಬೇಡಿ.