ಹಾಲ್ ಥ್ರಸ್ಟರ್‌ನಲ್ಲಿ ಕರೆಂಟ್ ಯಾಕೆ ಹೀಗೆ ಕುಣಿಯುತ್ತದೆ?

ಭಟ್ಟಿಮನೆ ಹುಡುಗ, ದಾವಣಗೆರೆ:
ನಮ್ಮದು ಮಂಡಕ್ಕಿ ಭಟ್ಟಿ. ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ಸೆಮಿನಾರಿಗೆ ಎಸ್‌ಪಿಟಿ-100 ಅನ್ನುವ ಹಾಲ್ ಥ್ರಸ್ಟರ್ ಆರಿಸಿಕೊಂಡಿದ್ದೇನೆ, ಅಂದರೆ ಉಪಗ್ರಹವನ್ನು ಬಾಹ್ಯಾಕಾಶದಲ್ಲಿ ನೂಕುವ ಪ್ಲಾಸ್ಮಾ ಎಂಜಿನ್. 300 ವೋಲ್ಟ್, 1.35 ಕಿಲೋವ್ಯಾಟ್ ತಿನ್ನುತ್ತದೆ. ನೂಕುವುದು ಮಾತ್ರ 83 ಮಿಲಿನ್ಯೂಟನ್, ಅಂದರೆ ಎಂಟೂವರೆ ಗ್ರಾಂ ಭಾರದಷ್ಟು. ಅಂಗಡಿ ತಕ್ಕಡಿಯಲ್ಲಿ ತೂಗಿ ನೋಡಿದೆ, ಒಂದು ಹಿಡಿ ಮಂಡಕ್ಕಿ! ಅದಿರಲಿ. ವೋಲ್ಟೇಜ್ ಒಂದೇ ಸಮ ಇದ್ದರೂ ಗ್ರಾಫಿನಲ್ಲಿ ಕರೆಂಟ್ ಸೆಕೆಂಡಿಗೆ ಸುಮಾರು 20,000 ಸಲ ಏರಿ ಇಳಿಯುತ್ತದೆ. ಪವರ್ ಸಪ್ಲೈ ಸರಿ ಇಲ್ವಾ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
ಸಪ್ಲೈಯನ್ನು ಸುಮ್ನೆ ಬೈಯಬೇಡಪ್ಪ. ಉತ್ತರ ನಿಮ್ಮ ಒಲೆಯಲ್ಲೇ ಇದೆ. ಹೊಟ್ಟು ಎರಚಿದರೆ ಭಗ್ ಅಂತ ಉರಿಯುತ್ತದೆ, ತೀರಿದರೆ ಕುಗ್ಗುತ್ತದೆ. ಇಲ್ಲಿ ಹೊಟ್ಟು ಅಂದರೆ ಕ್ಸೆನಾನ್ ಅನಿಲ. ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು ಸುತ್ತುವ ಎಲೆಕ್ಟ್ರಾನ್‌ಗಳು ಅದಕ್ಕೆ ಬಡಿದು ಅಯಾನ್, ಅಂದರೆ ವಿದ್ಯುದಾವೇಶ ಇರುವ ಕಣ, ಮಾಡುತ್ತವೆ. ಅಯಾನ್‌ಗಳು ಸೆಕೆಂಡಿಗೆ 15 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಹೊರಗೆ ಹಾರುತ್ತವೆ. ಹೊಸ ಅನಿಲ ಬರುವುದು ಮಾತ್ರ ಸೆಕೆಂಡಿಗೆ 200-300 ಮೀಟರ್. ಜಾಗ ಖಾಲಿ, ಕರೆಂಟ್ ಇಳಿಯಿತು. ಅನಿಲ ತುಂಬಿತು, ಮತ್ತೆ ಭಗ್! ಥ್ರಸ್ಟರ್ ಒಳಗೆ ಅನಿಲ ಹರಿಯುವ ಎರಡೂವರೆ ಸೆಂಟಿಮೀಟರ್ ಉದ್ದದ ಕಾಲುವೆ ತುಂಬಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು ಸಾಕು. ಉರಿಯುವ ಜಾಗ ಅದಕ್ಕಿಂತ ಚಿಕ್ಕದು, ಇನ್ನೂ ಬೇಗ ತುಂಬುತ್ತದೆ. ನಿನ್ನ 20,000ಕ್ಕೆ ಹತ್ತಿರ ಬಂತು ಅಲ್ವಾ? ಇದಕ್ಕೆ ಬ್ರೀದಿಂಗ್ ಮೋಡ್ ಅನ್ನುತ್ತಾರೆ. ಎಂಜಿನ್ ಉಸಿರಾಡುತ್ತಿದೆ, ಅಷ್ಟೇ.

ಜೋಗಿಮಟ್ಟಿ ಗಾಳಿ:
ಮೇಷ್ಟ್ರೇ, ಒಂದು ಹಿಡಿ ಮಂಡಕ್ಕಿ ಭಾರಕ್ಕೆ ಉಪಗ್ರಹ ಅಲ್ಲಾಡುತ್ತದಾ? ನಮ್ಮ ಬೆಟ್ಟದ ಗಾಳಿಗೆ ಇದಕ್ಕಿಂತ ಜಾಸ್ತಿ ಜೋರಿದೆ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
ನೆಲದಿಂದ ಏಳಲು ಇದು ಉಪಯೋಗವಿಲ್ಲ. ಮೇಲೆ ಹೋದ ಮೇಲೆ ತಡೆಯಲು ಗಾಳಿಯೇ ಇಲ್ಲವಲ್ಲ, ತಿಂಗಳುಗಟ್ಟಲೆ ನೂಕುತ್ತಲೇ ಇರಬಹುದು. ಯುರೋಪಿನ ಸ್ಮಾರ್ಟ್-1 ನೌಕೆ 2003ರ ಸೆಪ್ಟೆಂಬರಿನಲ್ಲಿ ಹೊರಟು, ಮೇಲೆ ಹೋದ ಮೇಲೆ ಇದೇ ಜಾತಿಯ ಎಂಜಿನ್ನಿನಲ್ಲಿ ನೂಕಿಕೊಂಡು 2004ರ ನವೆಂಬರಿನಲ್ಲಿ ಚಂದ್ರನ ಕಕ್ಷೆ ಸೇರಿತು. ನಿಧಾನವೇ, ಆದರೆ ಇಂಧನ ಬಹಳ ಕಮ್ಮಿ.

ಭಟ್ಟಿಮನೆ ಹುಡುಗ, ದಾವಣಗೆರೆ:
ಒಂದು ಕೆಪಾಸಿಟರ್ ಹಾಕಿದರೆ ಕುಣಿತ ನಿಲ್ಲುವುದಿಲ್ವಾ ಸರ್?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
ಕಾಯಿಲ್, ಕೆಪಾಸಿಟರ್ ಸೇರಿಸಿ ಫಿಲ್ಟರ್ ಹಾಕುತ್ತಾರೆ, ಸಪ್ಲೈ ಉಳಿಯಲಿ ಅಂತ. ಕಾಂತಕ್ಷೇತ್ರ ಕೊಡುವ ವಿದ್ಯುತ್ಕಾಂತದ ಕರೆಂಟ್ ಹೊಂದಿಸಿದರೆ ಕುಣಿತ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ವಿಪರೀತವಾದರೆ ಥ್ರಸ್ಟರ್ ನಂದಿಯೇ ಹೋಗಬಹುದು.

ಭಟ್ಟಿಮನೆ ಹುಡುಗ, ದಾವಣಗೆರೆ:
ಅಪ್ಪನಿಗೆ ಹೊಟ್ಟಿನ ಕಥೆ ಹೇಳಿದೆ. "ಹದವಾಗಿ ಎರಚೋಕೆ ಬರಲ್ವೇನೋ ಅವರಿಗೆ?" ಅಂದರು.